ಎದೆಯ ಮೇಲಿನ ಬಿಲ್ಲೆ, ಅಂಗೈಯೊಳಗಿನ ನಾಣ್ಯ

ಯುದ್ಧ ಗೆದ್ದರೆ ದೊರೆಗೆ ಸೀಮೆ ಸಿಗುತ್ತದೆ, ದಂಡನಾಯಕನಿಗೆ ಬಿರುದು ಸಿಗುತ್ತದೆ. ಮುಂದಿನ ಸಾಲಿನಲ್ಲಿ ನಿಂತು ಕಾದಾಡಿದ ಆಳಿಗೆ ಏನು ಸಿಗುತ್ತದೆ? ಈ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳಲ್ಲಿ ಅಂಗೈಯಗಲದ ಒಂದು ಲೋಹದ ಬಿಲ್ಲೆಯೂ ಸೇರಿದೆ. ಇವತ್ತು ಅದರ ಕಥೆ.

ಬಿಲ್ಲೆ ಬರುವ ಮುಂಚೆ ನಮ್ಮ ನಾಡಿನಲ್ಲಿ ಕಲ್ಲಿತ್ತು. ಬೆಂಗಳೂರಿನ ಬೇಗೂರಿನಲ್ಲಿ, ನಾಗೇಶ್ವರ ದೇವಾಲಯದ ಬಳಿ ಸಿಕ್ಕ ಸುಮಾರು ಕ್ರಿ.ಶ. 890ರ ವೀರಗಲ್ಲು, ಬೆಂಗಳೂರ ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬವನು ಮಡಿದದ್ದನ್ನು ಹೇಳುತ್ತದೆ. ಅವನನ್ನು ಆಳಿದ ಅರಸರ ವಿಷಯ ಪುಸ್ತಕಗಳಲ್ಲಿದೆ. ಅವನ ವಿಷಯ ಉಳಿದದ್ದು ಆ ಕಲ್ಲಿನಿಂದ. ಸತ್ತವನ ಮನೆಯವರಿಗೆ ನೆತ್ತರುಕೊಡಗೆ ಎಂದು ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯೂ ಇತ್ತು. ಬದುಕಿ ಬಂದ ವೀರನ ಕಾಲಿಗೆ ಗಂಡಪೆಂಡೇರ ತೊಡಿಸುತ್ತಿದ್ದರು. ಹೊಲ ಹೊಟ್ಟೆಗಾಯಿತು, ಕಲ್ಲು ಹೆಸರಿಗಾಯಿತು.

ಬಿಲ್ಲೆಯನ್ನು ಈ ನೆಲಕ್ಕೆ ತಂದದ್ದು ಈಸ್ಟ್ ಇಂಡಿಯಾ ಕಂಪನಿ. 1784ರ ಡೆಕ್ಕನ್ ಪದಕ, ಮೂರನೆಯ ಮೈಸೂರು ಯುದ್ಧ ಮುಗಿದ ಮೇಲೆ 1793ರಲ್ಲಿ ಬಂದ ಮೈಸೂರು ಪದಕ, ಇವೆರಡನ್ನೂ ಕಂಪನಿ ಕೊಟ್ಟದ್ದು ತನ್ನ ಭಾರತೀಯ ಸೈನಿಕರಿಗೆ. ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವ ಪದಕಗಳವು.

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಸಂಗತಿ ನಡೆಯಿತು. 1798ರಲ್ಲಿ ಬ್ರಿಟಿಷ್ ನೌಕಾಪತಿ ನೆಲ್ಸನ್ ನೈಲ್ ಕದನ ಗೆದ್ದ. ಅವನ ಹಣಕಾಸಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಅಲೆಗ್ಸಾಂಡರ್ ಡೇವಿಸನ್, ಸರ್ಕಾರವನ್ನು ಕಾಯದೆ ಸ್ವಂತ ಖರ್ಚಿನಲ್ಲಿ ಪದಕ ಮಾಡಿಸಿ, ಹಡಗುಗಳಲ್ಲಿದ್ದ ನಾವಿಕರಿಗೆಲ್ಲ ಉಡುಗೊರೆ ಕೊಟ್ಟ. ಚಿತ್ರ ಕೊರೆದವನು ಕೂಕ್ಲರ್ ಎಂಬ ಕುಶಲಿ. ಅಚ್ಚು ಹಾಕಿದ್ದು ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋದಲ್ಲಿದ್ದ ಮ್ಯಾಥ್ಯೂ ಬೋಲ್ಟನ್ನನ ಟಂಕಸಾಲೆ. ಆ ಬಿಲ್ಲೆಗಳ ಮೇಲೆ ಪಡೆದವರ ಹೆಸರಿರಲಿಲ್ಲ. ಎಷ್ಟೋ ನಾವಿಕರು ಅವನ್ನು ಕೆತ್ತುವವರ ಬಳಿಗೆ ಒಯ್ದು, ಖಾಲಿ ಜಾಗದಲ್ಲಿ ತಮ್ಮ ಹೆಸರು, ಹಡಗಿನ ಹೆಸರು ಕೊರೆಸಿಕೊಂಡರು.

ಅಚ್ಚಿನ ಕೆಲಸದ ಬಗ್ಗೆ ಎರಡು ಮಾತು. ಪದಕದ ಅಚ್ಚು ಕೊರೆಯುವವನು ಮೆತ್ತನೆಯ ಉಕ್ಕಿನ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ಕೊರೆಯಬೇಕು. ಬಿಲ್ಲೆಯಲ್ಲಿ ಉಬ್ಬಾಗಿ ಕಾಣಬೇಕಾದದ್ದು ಅಚ್ಚಿನಲ್ಲಿ ತಗ್ಗಾಗಿರಬೇಕು. ಆಮೇಲೆ ಉಕ್ಕನ್ನು ಕೆಂಪಗೆ ಕಾಯಿಸಿ, ತಟ್ಟನೆ ತಣಿಸಿ ಗಡಸು ಮಾಡಬೇಕು. ಆಗ ಸೀಳು ಬಿಟ್ಟಿತೋ, ಅಲ್ಲಿಯವರೆಗಿನ ದುಡಿಮೆ ನೀರುಪಾಲು. ದಿನಬಳಕೆಯ ನಾಣ್ಯಕ್ಕಿಂತ ಪದಕದ ಚಿತ್ರ ಹೆಚ್ಚು ಉಬ್ಬು. ಒಂದೇ ಒತ್ತಿಗೆ ಅದು ಏಳುವುದಿಲ್ಲ. ಒತ್ತಿ, ಕಾಯಿಸಿ ಮೆತ್ತಗಾಗಿಸಿ, ಮತ್ತೆ ಒತ್ತಬೇಕು.

ಅದೇ ಕೂಕ್ಲರ್, ಅದೇ ಸೋಹೋ ಟಂಕಸಾಲೆ ಮುಂದೆ ನಮ್ಮ ಶ್ರೀರಂಗಪಟ್ಟಣದ ಕಥೆಗೂ ಬಂದರು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಅದರ ನೆನಪಿಗೆ ಕಂಪನಿ ಮಾಡಿಸಿದ ಪದಕದ ಒಂದು ಮುಖದಲ್ಲಿ ಬ್ರಿಟನ್ನಿನ ಸಿಂಹ ಮೈಸೂರಿನ ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಇನ್ನೊಂದು ಮುಖದಲ್ಲಿ ಕೋಟೆಗೆ ಲಗ್ಗೆ. ಲಗ್ಗೆ ನಡೆದದ್ದು ಮಧ್ಯಾಹ್ನವಾದ್ದರಿಂದ ಸೂರ್ಯ ನೆತ್ತಿಯ ಮೇಲಿದ್ದಾನೆ. ಸಿಂಹದ ಮೇಲಿನ ಬಾವುಟವನ್ನು ಗಮನಿಸಬೇಕು. ದೇವರ ಸಿಂಹವೇ ವಿಜಯಿ ಎಂಬರ್ಥದ ಅರಬ್ಬಿ ಬರಹ ಅಲ್ಲಿದೆ. ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸುತ್ತಿದ್ದದ್ದೂ ಇದೇ ಮಾತನ್ನು. ಸೋತವನ ಮಂತ್ರವನ್ನೇ ಗೆದ್ದವರು ತಮ್ಮ ಬಿಲ್ಲೆಗೆ ಏರಿಸಿಕೊಂಡರು.

ಪದಕ ಒಂದೇ, ಲೋಹ ಮಾತ್ರ ಬೇರೆ ಬೇರೆ. ಅತಿ ದೊಡ್ಡವರಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ನೀರು ಕುಡಿಸಿದ ಬೆಳ್ಳಿ, ಆಮೇಲೆ ಬರೀ ಬೆಳ್ಳಿ, ಆಮೇಲೆ ಕಂಚು. ಸಾಮಾನ್ಯ ಸಿಪಾಯಿಗೆ ತವರ. ಮದುವೆಮನೆಯಲ್ಲಿ ಪಂಕ್ತಿ ನೋಡಿ ತುಪ್ಪ ಬಡಿಸಿದ ಹಾಗೆ. ಈ ಬಿಲ್ಲೆಗಳಿಗೆ ಕೊಂಡಿಯೂ ಇರಲಿಲ್ಲ, ಹೆಸರೂ ಇರಲಿಲ್ಲ. ತೊಡಬೇಕೆಂದವನು ತಾನೇ ಬಳೆ ಬೆಸೆಸಿಕೊಳ್ಳಬೇಕಿತ್ತು.

ಈ ಪಂಕ್ತಿಭೇದ ಮುರಿದದ್ದು ವಾಟರ್‌ಲೂ ಪದಕ. 1815ರ ಆ ಕದನದಲ್ಲಿ ಕಾದಿದ ಬ್ರಿಟಿಷ್ ಸೈನ್ಯದ ಸೇನಾಪತಿಗೂ ಬೆಳ್ಳಿ, ಸಾಮಾನ್ಯ ಸೈನಿಕನಿಗೂ ಅದೇ ಬೆಳ್ಳಿ. ಅಂಚಿನ ಸುತ್ತ ಪಡೆದವನ ಹೆಸರನ್ನು ಟಂಕಸಾಲೆಯೇ ಒತ್ತಿ ಕೊಟ್ಟಿತು. ಮೊದಲನೆಯ ಮಹಾಯುದ್ಧದಲ್ಲಿ ಸತ್ತವರ ಮನೆಗಳಿಗೆ ಬ್ರಿಟಿಷ್ ಸರ್ಕಾರ ಕಳಿಸಿದ ಕಂಚಿನ ಬಿಲ್ಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲಿವರ್‌ಪೂಲಿನ ಶಿಲ್ಪಿ ಎಡ್ವರ್ಡ್ ಕಾರ್ಟರ್ ಪ್ರೆಸ್ಟನ್ ರೂಪಿಸಿದ ಆ ಬಿಲ್ಲೆಯ ಅಗಲ 12 ಸೆಂಟಿಮೀಟರ್. ಒಬ್ಬೊಬ್ಬರ ಹೆಸರನ್ನೂ ಉಬ್ಬಕ್ಷರದಲ್ಲಿ ಮೂಡಿಸಿದರು, ಹುದ್ದೆಯನ್ನು ಬೇಕೆಂದೇ ಬಿಟ್ಟರು. ಸಾವಿನಲ್ಲಿ ಮೇಲುಕೀಳು ಬೇಡ ಎಂಬುದು ಅದರ ಹಿಂದಿನ ವಿಚಾರ. ಜನ ಮಾತ್ರ ಅದಕ್ಕೆ ಸತ್ತವನ ಪೆನ್ನಿ ಎಂಬ ಕಹಿಯಾದ ಅಡ್ಡಹೆಸರಿಟ್ಟರು.

ಸ್ವತಂತ್ರ ಭಾರತ ತನ್ನ ಪದಕಗಳನ್ನು ರೂಪಿಸುವಾಗ ಈ ಪಾಠ ಮರೆಯಲಿಲ್ಲ. 1950ರ ಜನವರಿ 26ರಂದು ಸ್ಥಾಪನೆಯಾದ ಪರಮವೀರ ಚಕ್ರದ ವಿನ್ಯಾಸ ಸಾವಿತ್ರಿ ಖಾನೋಲ್ಕರ್ ಅವರದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯ ಕೈಹಿಡಿದು, ನಮ್ಮ ಪುರಾಣಗಳನ್ನು ಆಳವಾಗಿ ಓದಿಕೊಂಡ ಹೆಣ್ಣುಮಗಳು ಅವರು. ದಧೀಚಿ ಋಷಿ ಕೊಟ್ಟ ತನ್ನ ಮೂಳೆಯಿಂದಲೇ ಆದ ವಜ್ರಾಯುಧವನ್ನು ರಾಜಲಾಂಛನದ ಸುತ್ತ ನಾಲ್ಕು ಕಡೆ ಇಟ್ಟರು. ಲೋಹ ಕಂಚು. ಮೇಜರ್ ಸೋಮನಾಥ ಶರ್ಮಾ ಅವರಿಗೂ ಅದೇ, ಲ್ಯಾನ್ಸ್ ನಾಯಕ್ ಕರಮ್ ಸಿಂಗ್ ಅವರಿಗೂ ಅದೇ.

ಈಚಿನ ಕಾಲದಲ್ಲಿ ಪದಕದ ಪಕ್ಕದಲ್ಲೇ ಇನ್ನೊಂದು ಬಗೆಯ ಬಿಲ್ಲೆ ಬೆಳೆದಿದೆ. ಅಮೆರಿಕದ ಸೇನೆಯಲ್ಲಿ ಅದನ್ನು ಚಾಲೆಂಜ್ ಕಾಯಿನ್ ಎನ್ನುತ್ತಾರೆ. ಮೊದಲನೆಯ ಮಹಾಯುದ್ಧದ ವಿಮಾನಪಡೆಯಲ್ಲಿ ಅದು ಹುಟ್ಟಿತೆಂಬ ಕಥೆ ಬಾಯಿಂದ ಬಾಯಿಗೆ ಬಂದದ್ದು, ಅದಕ್ಕೆ ದಾಖಲೆಯ ಆಧಾರವಿಲ್ಲ. ಕೊರಿಯಾ ಯುದ್ಧದ ಹೊತ್ತಿಗೆ 17ನೇ ಪದಾತಿ ರೆಜಿಮೆಂಟಿನ ಕರ್ನಲ್ ವಿಲಿಯಂ ಕ್ವಿನ್ ತನ್ನ ಸೈನಿಕರಿಗಾಗಿ ನಾಣ್ಯ ಮಾಡಿಸಿದ್ದ ಎನ್ನುತ್ತಾರೆ. ಇದಕ್ಕೆ ಗೆಜೆಟ್ ಬೇಡ, ಸಮಾರಂಭ ಬೇಡ. ಮೇಲಧಿಕಾರಿ ಕೈಕುಲುಕುವಾಗ ಅಂಗೈಯಿಂದ ಅಂಗೈಗೆ ದಾಟಿಸುತ್ತಾನೆ, ಅಷ್ಟೇ. ಸಮವಸ್ತ್ರದ ಮೇಲೆ ಅದನ್ನು ತೊಡುವಂತಿಲ್ಲ, ಜೇಬಿನಲ್ಲಿಟ್ಟುಕೊಳ್ಳಬೇಕು.

ಕೊಡಗಿನಲ್ಲಿ, ಬೆಳಗಾವಿಯಲ್ಲಿ ಸೇನೆಯಿಂದ ನಿವೃತ್ತರಾದವರ ಮನೆಗಳು ಬೇಕಾದಷ್ಟಿವೆ. ಅಂಥವರೊಬ್ಬರಿಗೆ ಊರಿನವರು, ಮಕ್ಕಳು ಸೇರಿ ಒಂದು ಬಿಲ್ಲೆ ಮಾಡಿಸಿಕೊಡಬೇಕೆಂದರೆ ಅಕ್ಕಸಾಲಿಗನ ಕೈಗೆ ಅದು ಅಸಾಧ್ಯದ ಕೆಲಸವಲ್ಲ. ಉಕ್ಕಿನ ಅಚ್ಚೇ ಬೇಕೆಂದಿಲ್ಲ. ಮೇಣದಲ್ಲಿ ಮಾದರಿ ಮಾಡಿ ಎರಕ ಹೊಯ್ಯಬಹುದು, ಇಲ್ಲವೇ ಬೆಳ್ಳಿಯ ತಗಡಿನ ಮೇಲೆ ಉಳಿಯಿಂದ ಕೊರೆಯಬಹುದು. ಸರ್ಕಾರದ ಪದಕವನ್ನು ಹೋಲುವಂಥದ್ದು ಮಾತ್ರ ಬೇಡ, ಆ ಗೌರವ ಕೊಡುವ ಅಧಿಕಾರ ರಾಷ್ಟ್ರದ್ದು. ಬೆಳ್ಳಿಯೋ ಹಿತ್ತಾಳೆಯೋ ಎಂದು ಹೆಚ್ಚು ಯೋಚಿಸಬೇಕಾಗಿಲ್ಲ. ಅವರ ಹೆಸರು, ಪಲ್ಟನ್ನಿನ ಹೆಸರು, ದುಡಿದ ವರ್ಷಗಳು, ಇಷ್ಟನ್ನು ತಪ್ಪಿಲ್ಲದೆ ಕೊರೆಸಿ. ಚಿನ್ನ, ಬೆಳ್ಳಿ, ತವರ ಎಂದು ತೂಗಿ ಹಂಚಿದ ಕಂಪನಿಗೆ ಹೊಳೆಯದೇ ಹೋದದ್ದೂ ಬೇಗೂರಿನ ಕಲ್ಲುಕುಟಿಗನಿಗೆ ಗೊತ್ತಿದ್ದದ್ದೂ ಅದೇ.