ಗೊಬ್ಬರಕ್ಕೆ ಮುನ್ನ ಮಣ್ಣು ಪರೀಕ್ಷೆ: ಮನೆಯ ಕಂಪ್ಯೂಟರಿಗೆ ಮೆಮೊರಿ ಸೇರಿಸುವ ವಿಚಾರ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪರಿಸರದ ಸಭೆಯಲ್ಲಿ ಕಂಪ್ಯೂಟರಿನ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಉತ್ತರವಿರುವುದು ಒಂದು ಹಳೆಯ ಲೆಕ್ಕದಲ್ಲಿ. ಎರಿಕ್ ವಿಲಿಯಮ್ಸ್ ಮತ್ತು ಸಂಗಡಿಗರು 2002ರಲ್ಲಿ, ಕೇವಲ 2 ಗ್ರಾಂ ತೂಗುವ, 32 ಮೆಗಾಬೈಟ್ ಸಾಮರ್ಥ್ಯದ ಒಂದು ಮೆಮೊರಿ ಚಿಪ್ಪಿನ ಹಿಂದೆ ಏನೇನು ವ್ಯಯವಾಗುತ್ತದೆಂದು ಅಂದಾಜು ಮಾಡಿ ಪ್ರಕಟಿಸಿದರು. ಪಳೆಯುಳಿಕೆ ಇಂಧನ 1600 ಗ್ರಾಂ, ರಾಸಾಯನಿಕಗಳು 72 ಗ್ರಾಂ, ನೀರು 32 ಲೀಟರ್. ಒಂದು ಒಣ ಅಡಿಕೆಯಷ್ಟೂ ತೂಗದ ವಸ್ತುವಿಗೆ ಒಂದೂವರೆ ಕೊಡದಷ್ಟು ನೀರು! ಇಂದಿನ ಚಿಪ್ಪುಗಳ ಅಂಕಿಗಳು ಬೇರೆ; ಅತಿಶುದ್ಧ ನೀರನ್ನೂ ಅಪಾರ ವಿದ್ಯುತ್ತನ್ನೂ ಬೇಡುವ ತಯಾರಿಕೆಯ ಸ್ವರೂಪ ಮಾತ್ರ ಬದಲಾಗಿಲ್ಲ. ಆದ್ದರಿಂದ ಬೇಡದಿದ್ದರೂ ಕೊಂಡ ಮೆಮೊರಿ ಕೇವಲ ಹಣದ ನಷ್ಟವಲ್ಲ. ಹಾಗೆಂದು, ಸ್ವಲ್ಪ ಮೆಮೊರಿ ಸೇರಿಸಿದರೆ ಇನ್ನೂ ನಾಲ್ಕಾರು ವರ್ಷ ನಡೆಯಬಹುದಾದ ಯಂತ್ರವನ್ನೇ ಮೂಲೆಗೆಸೆದು ಹೊಸದನ್ನು ತರುವುದು ಅದಕ್ಕಿಂತ ದೊಡ್ಡ ನಷ್ಟ.

ರ್ಯಾಮ್ ಎಂದು ಕರೆಯುವ ಈ ಮೆಮೊರಿಯ ಕೆಲಸವೇನು? ಹಾರ್ಡ್ ಡಿಸ್ಕ್ ಮನೆಯ ಅಟ್ಟವಾದರೆ, ರ್ಯಾಮ್ ಕೆಲಸಕ್ಕೆ ಕುಳಿತಾಗ ಮುಂದೆ ಹಾಸಿಕೊಳ್ಳುವ ಚಾಪೆ. ಚಾಪೆ ಕಿರಿದಾದರೆ ಪದೇ ಪದೇ ಅಟ್ಟ ಹತ್ತಿ ಇಳಿಯಬೇಕು. ಯಂತ್ರ ಏದುಸಿರು ಬಿಡುವುದು ಆಗಲೇ. ವಿದ್ಯುತ್ ಹೋದೊಡನೆ ಚಾಪೆಯ ಮೇಲಿದ್ದುದೆಲ್ಲ ಮಾಯವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ರ್ಯಾಮ್ ಸೇರಿಸಿದರೂ ಆ ತೊಂದರೆ ನೀಗದು. ಅದಕ್ಕೆ ಯುಪಿಎಸ್ ಬೇಕು.

ಕೃಷಿಶಾಸ್ತ್ರದಲ್ಲಿ ಲೀಬಿಗ್‌ನ ಹೆಸರಿನಲ್ಲಿ ಪ್ರಸಿದ್ಧವಾದ ಕನಿಷ್ಠ ನಿಯಮವೊಂದಿದೆ: ಯಾವ ಪೋಷಕಾಂಶದ ಕೊರತೆ ಅತಿ ಹೆಚ್ಚೋ ಅದೇ ಇಳುವರಿಯನ್ನು ನಿರ್ಧರಿಸುತ್ತದೆ. ಪೊಟ್ಯಾಷ್ ಸಾಲದ ತೋಟಕ್ಕೆ ಯೂರಿಯಾ ಸುರಿದು ಫಲವಿಲ್ಲ. ಕಂಪ್ಯೂಟರಿಗೂ ಇದೇ ನಿಯಮ. ನಿಧಾನವಾದ ಯಂತ್ರಗಳಿಗೆಲ್ಲ ರ್ಯಾಮ್ ಕೊರತೆಯೇ ರೋಗವಲ್ಲ. ವಿಂಡೋಸ್ ಇದ್ದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ದಿನನಿತ್ಯದ ಕೆಲಸಗಳನ್ನೆಲ್ಲ ತೆರೆದಿಟ್ಟುಕೊಂಡು, ಅಂದರೆ ಪಹಣಿ ನೋಡುವ ಪುಟ, ಪತ್ರದ ಕಡತ, ಮಗಳ ಪಾಠದ ವಿಡಿಯೊ ಎಲ್ಲವನ್ನೂ ತೆರೆದು, ಅಲ್ಲಿನ ಮೆಮೊರಿಯ ಅಂಕಿಯನ್ನು ಗಮನಿಸಬೇಕು. ಅದು ಸದಾ ಶೇ. 85-90ರ ಮೇಲಿದ್ದರೆ ರ್ಯಾಮ್ ಸಾಲದು. ಮೆಮೊರಿ ಅರ್ಧ ಖಾಲಿಯಿದ್ದು ಡಿಸ್ಕ್ ಮಾತ್ರ ಶೇ. 100 ಎಂದು ತೋರಿಸುತ್ತಿದ್ದರೆ, ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದೇ ಸರಿಯಾದ ಮದ್ದು. ಅಂಗಡಿಯಲ್ಲಿ ಈ ಪರೀಕ್ಷೆ ಮಾಡದೆಯೇ ರ್ಯಾಮ್ ಮಾರುವುದುಂಟು. ಮಣ್ಣು ನೋಡದೆ ಗೊಬ್ಬರ ಬರೆದುಕೊಡುವವರಿಗೂ ಅವರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಇನ್ನು ಎಷ್ಟು ಬೇಕೆಂಬ ಪ್ರಶ್ನೆ. 4 ಗಿಗಾಬೈಟ್ ಇಂದಿನ ಬ್ರೌಸರುಗಳಿಗೆ ಇಕ್ಕಟ್ಟು. ಮನೆಯ ಪತ್ರವ್ಯವಹಾರಕ್ಕೂ ಓದಿಗೂ 8 ಸಾಕು. ಕ್ಯೂಜಿಐಎಸ್‌ನಲ್ಲಿ ಕಾಡಿನ ನಕ್ಷೆ ಬಿಡಿಸುವ, ವಿಡಿಯೊ ಸಂಕಲಿಸುವ ವಿದ್ಯಾರ್ಥಿಗೆ 16 ಇದ್ದರೆ ಅನುಕೂಲ. ಅದಕ್ಕೂ ಮೀರಿದ್ದು ಹೆಚ್ಚಿನ ಮನೆಗಳಲ್ಲಿ ಸುಮ್ಮನೆ ಬಿದ್ದಿರುತ್ತದೆ. 32-ಬಿಟ್ ವಿಂಡೋಸ್ ಇರುವ ಹಳೆಯ ಯಂತ್ರಕ್ಕೆ 4 ಗಿಗಾಬೈಟಿಗಿಂತ ಹೆಚ್ಚು ಹಾಕಿದರೂ ಅದು ಬಳಕೆಯಾಗದು.

ಜಾತಿ ಹೊಂದಬೇಕಾದುದು ಬಹು ಮುಖ್ಯ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ತಲೆಮಾರುಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಪಟ್ಟಿಯ ಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಇಟ್ಟಿರುವುದು ಅದಕ್ಕಾಗಿಯೇ. ಕೂರದಿದ್ದರೆ ಒತ್ತಬಾರದು. ಲ್ಯಾಪ್‌ಟಾಪಿನ ಪಟ್ಟಿ ಮೇಜಿನ ಕಂಪ್ಯೂಟರಿನದಕ್ಕಿಂತ ಗಿಡ್ಡ. ಡಿಡಿಆರ್3ರಲ್ಲಿ 1.5 ವೋಲ್ಟಿನದೂ 1.35 ವೋಲ್ಟಿನದೂ ಇದ್ದು, ಕೆಲವು ಲ್ಯಾಪ್‌ಟಾಪುಗಳು ಎರಡನೆಯದನ್ನು ಮಾತ್ರ ಒಪ್ಪುತ್ತವೆ. ವೇಗ ಬೇರೆಯಾದ ಎರಡು ಪಟ್ಟಿ ಜೊತೆಯಾದರೆ ಎರಡೂ ನಿಧಾನದ್ದರ ಹೆಜ್ಜೆಗೇ ನಡೆಯುತ್ತವೆ. ತೆಳು ಲ್ಯಾಪ್‌ಟಾಪುಗಳಲ್ಲಿ ರ್ಯಾಮನ್ನು ಹಲಗೆಗೇ ಬೆಸುಗೆ ಹಾಕಿರುವುದುಂಟು. ಬೇರೆ ಖಾಲಿ ಕಿಂಡಿಯಿಲ್ಲದಿದ್ದರೆ ಅಲ್ಲಿ ಸೇರಿಸುವ ಮಾತೇ ಇಲ್ಲ. ಹೊಸ ಯಂತ್ರ ಕೊಳ್ಳುವಾಗಲೇ ಕೇಳಬೇಕಾದ ಪ್ರಶ್ನೆಯಿದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ರ್ಯಾಮ್ ಹೆಚ್ಚಿಸಿದರೆ ವಿಂಡೋಸ್ 11 ಹಾಕಬಹುದೆಂದು ನಂಬಿದವರಿದ್ದಾರೆ. ಅದಕ್ಕೆ ಅಡ್ಡಬರುವುದು ಹೆಚ್ಚಾಗಿ ಹಳೆಯ ಪ್ರೊಸೆಸರ್ ಮತ್ತು ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ, ರ್ಯಾಮ್ ಅಲ್ಲ. ಅಂಥ ಯಂತ್ರಕ್ಕೆ 8 ಗಿಗಾಬೈಟ್ ರ್ಯಾಮ್ ಜೊತೆಗೆ ಉಚಿತವಾದ ಲಿನಕ್ಸ್ ಹಾಕಿದರೆ ಅದು ಮತ್ತೆ ಉಪಯೋಗಕ್ಕೆ ಬರುತ್ತದೆ. ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಹೀಗಿರುವಾಗ, ಕೆಟ್ಟುಹೋದ ಕಂಪ್ಯೂಟರಿನಿಂದ ತೆಗೆದ, ಪರೀಕ್ಷಿಸಿದ ಹಳೆಯ ಪಟ್ಟಿಯನ್ನು ಕೊಳ್ಳಲು ಸಂಕೋಚ ಬೇಡ. ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡರಾಯಿತು.

ಕೊಳ್ಳುವ ಮುನ್ನ ಇನ್ನೊಂದು ಮಾತು. ಆಷಾಢದ ತೇವದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಕಂಪ್ಯೂಟರ್ ಒಮ್ಮೊಮ್ಮೆ ಬೀಪ್ ಎಂದು ಕೂಗಿ ನಿಂತುಬಿಡುತ್ತದೆ. ಆಗ ತಂತಿ ಕಳಚಿ, ಕಬ್ಬಿಣದ ಕಿಟಕಿಯ ಸರಳು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಇಳಿಸಿಕೊಂಡು, ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಒಣಬಟ್ಟೆಯಿಂದಲೋ ಮೆತ್ತನೆಯ ರಬ್ಬರಿನಿಂದಲೋ ಹಗುರವಾಗಿ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ವೇಳೆ ಸರಿಹೋಗುತ್ತದೆ. ಖರ್ಚು ಏನೂ ಇಲ್ಲ.

ಬದಲಿಸಿ ತೆಗೆದ ಪಟ್ಟಿಯನ್ನು ಗುಜರಿಯವನ ಚೀಲಕ್ಕೆ ಹಾಕಬಾರದು. ಆ ಹೊಂಬಣ್ಣ ನಿಜವಾಗಿಯೂ ಚಿನ್ನದ ಲೇಪ; ಅದನ್ನು ಆಮ್ಲದಲ್ಲಿ ಕರಗಿಸಿ ತೆಗೆಯುವವರಿದ್ದಾರೆ. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಇಂಥ ಹಲಗೆಗಳನ್ನು ಸುಟ್ಟ ಬೂದಿ ರಾಮಗಂಗಾ ನದಿಯ ದಡವನ್ನು ಸೇರಿತು. ವಿದ್ಯುನ್ಮಾನ ತ್ಯಾಜ್ಯದ ಈಗಿನ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಇದು ತಲುಪಬೇಕಾದುದು ನೋಂದಾಯಿತ ಮರುಬಳಕೆದಾರರನ್ನು. ಇನ್ನೂ ಕೆಲಸ ಮಾಡುತ್ತಿರುವ ಪಟ್ಟಿಯಾದರೆ ಅದರ ತಲೆಮಾರು, ಗಾತ್ರ, ವೇಗವನ್ನು ಚೀಟಿಯಲ್ಲಿ ಬರೆದು ಕಾಗದದಲ್ಲಿ ಸುತ್ತಿಟ್ಟರೆ, ಊರಿನ ಶಾಲೆಯಲ್ಲೋ ನೆರೆಮನೆಯಲ್ಲೋ ಅದೇ ತಲೆಮಾರಿನ ಯಂತ್ರಕ್ಕೆ ಒದಗಬಹುದು.