ಯುವ ಪ್ರೋಗ್ರಾಮರ್‌ಗಳ ಸ್ಪರ್ಧೆಗಳು ಮತ್ತು ನಮ್ಮ ಮಕ್ಕಳು
(ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಕಲಿಸುವ ಟೀಚರ್‌ಗೆ ಕಂಪ್ಯೂಟರಿನ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಅದಕ್ಕೆ ಉತ್ತರ ಭಾಷೆಯಲ್ಲೇ ಇದೆ, ಸ್ವಲ್ಪ ತಾಳಿ.

ಶಾಲಾ ಮಕ್ಕಳಿಗಾಗಿ ನಡೆಯುವ ಪ್ರೋಗ್ರಾಮಿಂಗ್ ಸ್ಪರ್ಧೆಗಳಲ್ಲಿ ದೊಡ್ಡದು ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್. 1989ರಲ್ಲಿ ಬಲ್ಗೇರಿಯಾದ ಪ್ರಾವೆಟ್ಸ್ ಎಂಬ ಊರಿನಲ್ಲಿ ಇದು ಆರಂಭವಾಯಿತು. ಭಾರತ 2002ರಿಂದ ಭಾಗವಹಿಸುತ್ತಿದೆ. ಒಂದು ದೇಶದಿಂದ ನಾಲ್ವರು. ಎರಡು ದಿನ, ದಿನಕ್ಕೆ ಐದು ಗಂಟೆ, ಮೂರು ಮೂರು ಸಮಸ್ಯೆ, ಒಟ್ಟು 600 ಅಂಕ. ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಯಾವುದಾದರೊಂದು ಪದಕ ದೊರೆಯುತ್ತದೆ. ಉತ್ತರಗಳನ್ನು ಯಂತ್ರವೇ ಪರೀಕ್ಷಿಸುತ್ತದೆ. ಅದು ನಿಮ್ಮ ಹೆಸರನ್ನಾಗಲಿ, ಊರನ್ನಾಗಲಿ, ಇಂಗ್ಲಿಷ್ ಉಚ್ಚಾರವನ್ನಾಗಲಿ ಕೇಳುವುದಿಲ್ಲ. ಪ್ರೋಗ್ರಾಂ ಸರಿಯಾದ ಉತ್ತರ ಕೊಟ್ಟಿತೇ, ನಿಗದಿತ ಸಮಯದಲ್ಲಿ ಕೊಟ್ಟಿತೇ, ಅಷ್ಟೇ.

ಇನ್ನು ಭಾಷೆಯ ವಿಷಯ. ಪ್ರಶ್ನೆಗಳು ಇಂಗ್ಲಿಷಿನಲ್ಲಿ ಸಿದ್ಧವಾಗುತ್ತವೆ. ಸ್ಪರ್ಧೆಯ ಹಿಂದಿನ ರಾತ್ರಿ ಬೇರೆ ಬೇರೆ ದೇಶಗಳ ತಂಡನಾಯಕರು ಕುಳಿತು ಅವನ್ನು ತಮ್ಮ ಮಕ್ಕಳ ಭಾಷೆಗೆ ಅನುವಾದಿಸುತ್ತಾರೆ. ಇರಾನಿನ ಹುಡುಗ ಪ್ರಶ್ನೆಯನ್ನು ಫಾರ್ಸಿಯಲ್ಲಿ ಓದುತ್ತಾನೆ. 2017ರಲ್ಲಿ ಒಲಿಂಪಿಯಾಡ್ ನಡೆದದ್ದೇ ತೆಹ್ರಾನಿನಲ್ಲಿ. ಹಾಗಿರುವಾಗ ಉರ್ದು ಮಾಧ್ಯಮ, ಕನ್ನಡ ಮಾಧ್ಯಮದ ಮಕ್ಕಳಿಗೆ ಕೋಡಿಂಗ್ ಆಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಮೊದಲಿಗೆ ಬೇಕಾಗುವ ಇಂಗ್ಲಿಷ್ ಪದಗಳು ಬೆರಳೆಣಿಕೆಯಷ್ಟು. ಬೇಕಾದದ್ದು ಪ್ರಶ್ನೆಯನ್ನು ಅರ್ಥಮಾಡಿಕೊಳ್ಳುವ ಶಕ್ತಿ. ಅದು ಮನೆಮಾತಿನಲ್ಲೇ ಬೇಗ ಬರುತ್ತದೆ.

ಎರಡನೆಯ ಆಕ್ಷೇಪ, ಶಾಲೆಯಲ್ಲಿ ಕಂಪ್ಯೂಟರ್ ಇಲ್ಲ ಅಥವಾ ಇದ್ದರೂ ಕೋಣೆಗೆ ಬೀಗ. ಇದು ನಿಜವಾದ ಕಷ್ಟ, ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ದೇಶದ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನ ಮೊದಲ ಸುತ್ತಿನ ಒಂದು ಪರೀಕ್ಷೆ ಎಷ್ಟೋ ವರ್ಷ ಕಾಗದ-ಪೆನ್ನಿನದೇ ಆಗಿತ್ತು. ಪ್ರೋಗ್ರಾಂ ಬರೆಯಲು ಬರಬೇಕೆಂದಿರಲಿಲ್ಲ. ಆ ಹಳೆಯ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಒಬ್ಬ ಶಿಕ್ಷಕರು ಒಂದು ಪ್ರತಿ ಇಳಿಸಿಕೊಂಡು ಝೆರಾಕ್ಸ್ ಮಾಡಿಸಿದರೆ ಒಂದು ತರಗತಿಗೆ ಸಾಕು.

ಈ ಜಾತಿಯ ಒಂದು ಲೆಕ್ಕ ನೋಡಿ. ಒಂದು ಮೊಹಲ್ಲಾದಲ್ಲಿ ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ ಹದಿನಾರು ಕೂಡುಮೂಲೆಗಳು. ಬಲಕ್ಕೆ ಅಥವಾ ಕೆಳಕ್ಕೆ ಮಾತ್ರ ನಡೆಯಬಹುದು. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಎಷ್ಟು ದಾರಿ? ಒಂದೊಂದೇ ದಾರಿ ಎಳೆಯುತ್ತ ಹೋದರೆ ತಲೆ ಕೆಡುತ್ತದೆ. ಅದರ ಬದಲು ಮೊದಲ ಸಾಲಿಗೂ ಮೊದಲ ಕಂಬಕ್ಕೂ 1 ಎಂದು ಬರೆಯಿರಿ. ಉಳಿದ ಪ್ರತಿ ಮೂಲೆಗೆ ಅದರ ಮೇಲಿನ ಸಂಖ್ಯೆ, ಎಡಗಡೆಯ ಸಂಖ್ಯೆ ಎರಡನ್ನೂ ಕೂಡಿಸಿ ಬರೆಯಿರಿ. ಕೊನೆಗೆ 20 ಬರುತ್ತದೆ. ಎರಡನೇ ಸಾಲಿನ ಮೂರನೇ ಮೂಲೆಯಲ್ಲಿ ರಸ್ತೆ ಅಗೆದಿದ್ದಾರೆ ಎನ್ನಿ (ನಮ್ಮ ಊರುಗಳಲ್ಲಿ ಇದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ). ಅಲ್ಲಿ 0 ಹಾಕಿ, ಮತ್ತೆ ಕೂಡಿಸಿ: 11. ಒಮ್ಮೆ ಮಾಡಿದ ಲೆಕ್ಕವನ್ನು ಬರೆದಿಟ್ಟುಕೊಂಡು ಮುಂದಿನದಕ್ಕೆ ಬಳಸುವ ಈ ಉಪಾಯಕ್ಕೆ ಡೈನಾಮಿಕ್ ಪ್ರೋಗ್ರಾಮಿಂಗ್ ಎಂದು ದೊಡ್ಡ ಹೆಸರು. ಕೂಡುವುದು ಗೊತ್ತಿರುವ ಆರನೇ ತರಗತಿಯ ಮಗುವೂ ಮಾಡಬಲ್ಲದು.

ಅಲ್ಗಾರಿದಮ್ ಎಂಬ ಪದ ಒಂಬತ್ತನೇ ಶತಮಾನದ ಬಗ್ದಾದಿನ ಅಲ್-ಖ್ವಾರಿಜ್ಮಿಯವರ ಹೆಸರಿನಿಂದ ಬಂದದ್ದು ಎಂದು ಇಂಥ ಸಭೆಗಳಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆಯಿಂದ ಒಂದು ಲೆಕ್ಕವೂ ಬಿಡುವುದಿಲ್ಲ.

ಹೆಣ್ಣುಮಕ್ಕಳ ತಂದೆ ತಾಯಂದಿರಿಗೆ ಒಂದು ಮಾತು. ಈ ಸ್ಪರ್ಧೆಗಳಲ್ಲಿ ಹುಡುಗಿಯರು ತೀರಾ ಕಡಿಮೆ. ಎಲ್ಲ ದೇಶಗಳಲ್ಲೂ ಇದೇ ಗೋಳು. ಅದಕ್ಕೆಂದೇ 2021ರಲ್ಲಿ ಸ್ವಿಟ್ಜರ್‌ಲೆಂಡ್‌ನ ಮುಂದಾಳತ್ವದಲ್ಲಿ ಹುಡುಗಿಯರಿಗಾಗಿಯೇ ಯುರೋಪಿನ ಒಲಿಂಪಿಯಾಡ್ ಶುರುವಾಯಿತು. ಮನೆಯ ಒಂದೇ ಫೋನು ಸಂಜೆ ಯಾರ ಕೈಯಲ್ಲಿರುತ್ತದೆ ಎಂದು ಈ ವಾರ ಗಮನಿಸಿ ನೋಡಿ. ಅಣ್ಣನಿಗೆ ಎರಡು ಗಂಟೆಯಾದರೆ ತಂಗಿಗೂ ಒಂದು ಗಂಟೆ ಸಿಗಲಿ.

ನಮ್ಮ ಸಂಘಕ್ಕೆ ನನ್ನ ಕೋರಿಕೆ ಚಿಕ್ಕದು: ಭಾನುವಾರ ಎರಡು ಗಂಟೆ ಒಂದು ಕೋಣೆ, ಒಂದು ಕಪ್ಪುಹಲಗೆ. ಕಂಪ್ಯೂಟರ್ ಆಮೇಲೆ ಬರಲಿ. ಮಕ್ಕಳೇ, ನೀವು ಇವತ್ತೇ ಶುರುಮಾಡಿ. ಐದು ಸಾಲು, ಸಾಲಿಗೆ ಐದು ಮೂಲೆ. ನಟ್ಟನಡುವಿನ ಮೂಲೆ ಮುಚ್ಚಿದೆ. ಉತ್ತರ 34 ಬರಬೇಕು. ಬರದಿದ್ದವರು ಹಾಳೆ ಹಿಡಿದುಕೊಂಡು ನನ್ನ ಬಳಿ ಬನ್ನಿ.