ನೆರೆಯೂ ನೆರೆಹೊರೆಯೂ

 

ನಮ್ಮ ನುಡಿಯಲ್ಲಿ ಮೇರೆ ಮೀರಿ ಬರುವ ಹೊಳೆಯ ನೀರಿಗೂ ನೆರೆಯೆಂದೇ ಹೆಸರು. ಗೋಡೆಯ ಮಗ್ಗುಲಲ್ಲಿ ವಾಸಿಸುವವನೂ ನೆರೆಯವನೇ. ಮೊದಲನೆಯ ನೆರೆ ಬಂದಾಗಲೇ ಎರಡನೆಯ ನೆರೆಯ ಬೆಲೆ ತಿಳಿಯುವದು. ಇದನ್ನು ಕುರಿತು ತಮ್ಮಲ್ಲಿ ನಾಲ್ಕು ಮಾತು ಅರಿಕೆ ಮಾಡುವೆನು.

ನಮ್ಮ ಸೀಮೆಗೆ ಎರಡು ಬಗೆಯ ನೆರೆಗಳು ಒದಗುವವು. 2009ನೆಯ ಇಸವಿಯ ಸಪ್ಟಂಬರದ ಕೊನೆಗೂ ಅಕ್ಟೋಬರದ ಮೊದಲಿಗೂ ಬಂದದ್ದು ಬಯಲಿನ ಮಳೆಯ ನೆರೆ. ಎಡೆಬಿಡದ ಮಳೆಗೆ ಮಣ್ಣಿನ ಗೋಡೆಗಳೂ ಮಣ್ಣಿನ ಮಾಳಿಗೆಗಳೂ ನೀರು ಕುಡಿದು ಭಾರವಾಗಿ ಒಳಗಿದ್ದವರ ಮೇಲೆಯೇ ಕುಸಿದವು. ರಾಜ್ಯದಲ್ಲಿ 200ಕ್ಕೂ ಮಿಕ್ಕಿ ಜನರು ಪ್ರಾಣ ನೀಗಿದರು. 2019ನೆಯ ಅಗಸ್ಟದಲ್ಲಿ ಬಂದದ್ದು ಬೆಟ್ಟದ ಮಳೆಯ ನೆರೆ. ಸಹ್ಯಾದ್ರಿಯ ಮಳೆಗೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂವರೂ ಒಮ್ಮೆಲೇ ಉಕ್ಕಿದರು. ಜಲಾಶಯಗಳು ತುಂಬಿ ನೀರನ್ನು ಹೊರಬಿಡಬೇಕಾಯಿತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ದಂಡೆಯ ಊರುಗಳು ಮುಳುಗಿದವು. ಬೆಟ್ಟದ ನೆರೆಯು ಬರುವ ಮುನ್ನ ಕೆಲವು ಗಳಿಗೆಯ ಸಮಯವಾದರೂ ಸಿಕ್ಕೀತು. ಗೋಡೆ ಬೀಳುವ ರಾತ್ರಿಯಲ್ಲಿ ಅದೂ ಇಲ್ಲ. ಯಾವ ಮನೆಯಲ್ಲಿ ಕಣ್ಣು ಕಾಣದ ಮುದುಕಿ ಇರುವಳು, ಯಾವ ಮನೆಯಲ್ಲಿ ಬಾಣಂತಿ ಇರುವಳು ಎಂಬದನ್ನು ಆ ಹೊತ್ತಿನಲ್ಲಿ ಬಲ್ಲವನು ನೆರೆಯವನೊಬ್ಬನೇ. ಸರಕಾರದ ದೋಣಿ ಬರುವದು. ಆದರೆ ಮೊದಲು ಬರುವದು ಪಕ್ಕದ ಮನೆಯವನ ಕೈ.

ದೂರದವನೂ ನೆರೆಯವನಾಗಬಲ್ಲನೆಂಬದಕ್ಕೆ ಕೇರಳವೇ ಸಾಕ್ಷಿ. 2018ನೆಯ ಅಗಸ್ಟದ ಪ್ರಳಯದಲ್ಲಿ ಅಲ್ಲಿ 400ಕ್ಕೂ ಹೆಚ್ಚು ಜನರು ಮಡಿದರು. 10 ಲಕ್ಷಕ್ಕೂ ಮಿಕ್ಕಿ ಜನರು ಆಶ್ರಯ ಶಿಬಿರಗಳನ್ನು ಸೇರಿದರು. ಆಗ ಕಡಲ ದಂಡೆಯ ಬಡ ಬೆಸ್ತರು ತಮ್ಮ ಜೀವನಾಧಾರವಾದ 600ಕ್ಕೂ ಹೆಚ್ಚು ದೋಣಿಗಳನ್ನು ಲಾರಿಗಳ ಮೇಲೇರಿಸಿ ಒಳನಾಡಿಗೆ ತಂದು, ಸಾವಿರಾರು ಜನರನ್ನು ದಡ ಸೇರಿಸಿದರು. ದೋಣಿ ಹತ್ತಲಾರದ ಹೆಂಗಸರಿಗಾಗಿ ಒಬ್ಬನು ನೀರಿನಲ್ಲಿ ಬಾಗಿ ತನ್ನ ಬೆನ್ನನ್ನೇ ಮೆಟ್ಟಿಲು ಮಾಡಿದನು. ಅದೇ ತಿಂಗಳಲ್ಲಿ ತ್ರಿಶೂರ ಜಿಲ್ಲೆಯಲ್ಲಿ ಮಸೀದಿಯೊಂದು ಜಲಾವೃತವಾಗಿರಲು, ಬಕ್ರೀದ ಪ್ರಾರ್ಥನೆಗಾಗಿ ದೇವಸ್ಥಾನದವರು ತಮ್ಮ ಸಭಾಂಗಣವನ್ನು ತೆರೆದು ಕೊಟ್ಟರು. ಮರುವರ್ಷ ಮಲಪ್ಪುರಂ ಜಿಲ್ಲೆಯ ಕವಳಪ್ಪಾರದಲ್ಲಿ ಗುಡ್ಡ ಕುಸಿದಾಗ, ಮಡಿದವರ ಶವಪರೀಕ್ಷೆಗೆ ಸಮೀಪದ ಮಸೀದಿಯವರು ಪ್ರಾರ್ಥನಾಸ್ಥಳವನ್ನೇ ಬಿಟ್ಟುಕೊಟ್ಟರು. ಮೃತರ ಮತವನ್ನು ಅಲ್ಲಿ ಯಾರೂ ಕೇಳಲಿಲ್ಲ.

ಇಲ್ಲಿ ನಾವು ವಿಚಾರಿಸತಕ್ಕ ಸೂಕ್ಷ್ಮವೊಂದುಂಟು. ಎದೆಮಟ್ಟ ನೀರಿನಲ್ಲಿ ಕುಲವನ್ನು ಕೇಳದವರು, ನೀರು ಮೊಣಕಾಲಿಗಿಳಿದೊಡನೆ ಗಂಜಿಯ ಸಾಲಿನಲ್ಲಿ ಕೇಳತೊಡಗಿದರೆ ಆ ಉಪಕಾರಕ್ಕೆ ಕೀಳು ಬರುವದು. ಕೊಡುವವನು ಎತ್ತರದಲ್ಲಿಯೂ ಪಡೆಯುವವನು ತಗ್ಗಿನಲ್ಲಿಯೂ ನಿಂತಿರುವವರೆಗೆ ಅದು ದಾನವಷ್ಟೇ. ಕೊಡುವವನ ಅಹಂಕಾರವು ಅಳಿದಾಗ ದಾಸೋಹವೆನಿಸುವದು. ನಿನ್ನೆಯವರೆಗೆ ಹತ್ತು ಜನರಿಗೆ ಅನ್ನವಿಕ್ಕಿದ ರೈತನು ಇಂದು ತಟ್ಟೆ ಹಿಡಿದು ನಿಂತಿರುವಾಗ ಅವನ ಮುಖವನ್ನು ಕಾಯುವದೂ ಸೇವೆಯೇ. ಹರಕು ಬಟ್ಟೆಯ ಗಂಟನ್ನು ಎಸೆದು ಬರುವದು ಸೇವೆಯಲ್ಲ.

ನೀರು ಇಳಿದ ಮೇಲೆಯೇ ದೀರ್ಘವಾದ ಕಾರ್ಯವು ಮೊದಲಾಗುವದು. ಬಿತ್ತುವ ಬೀಜ, ದನಗಳಿಗೆ ಮೇವು, ಹೊಲದ ಮೇಲಿನ ಮರಳು, ಮಕ್ಕಳ ಪುಸ್ತಕ—ಇವು ಎಂಟು ದಿವಸದ ಉತ್ಸಾಹದಿಂದ ತೀರತಕ್ಕವುಗಳಲ್ಲ. ಊರನ್ನು ಎತ್ತರದ ಸ್ಥಳಕ್ಕೆ ಸಾಗಿಸುವಾಗ ಮನೆಗಳನ್ನಷ್ಟೇ ಎಣಿಸದೆ, ಓಣಿಯ ಸಂಬಂಧಗಳನ್ನೂ ಎಣಿಸಬೇಕು. ಒಬ್ಬರಿಗೊಬ್ಬರು ಆದವರನ್ನು ಚದುರಿಸಿದರೆ ಹೊಸ ಊರಿನಲ್ಲಿ ಗೋಡೆಗಳಿರುವವು, ನೆರೆಹೊರೆಯಿರದು.

ಆದುದರಿಂದ ಹೊಳೆದಂಡೆಯ ಪ್ರತಿಯೊಂದು ಊರಿನವರೂ ಮುಂಗಾರಿಗೆ ಮೊದಲೇ ಕುಳಿತು, ಯಾರನ್ನು ಯಾರು ಎತ್ತಿ ತರಬೇಕು, ದನಗಳನ್ನು ಯಾರು ಬಿಚ್ಚಬೇಕು, ಎತ್ತರದ ಶಾಲೆಯ ಕೀಲಿಕೈ ಯಾರಲ್ಲಿರಬೇಕೆಂಬದನ್ನು ಗೊತ್ತುಪಡಿಸಿಕೊಳ್ಳಲಿ. ಮಠದ ಬಾಗಿಲು ತೆರೆದೇ ಇರುವದು. ನಿಮ್ಮ ನಿಮ್ಮ ಮನೆಯ ಬಾಗಿಲುಗಳೂ ಹಾಗೆಯೇ ಇರಲೆಂದು ಬೇಡಿ, ನನ್ನ ಮಾತನ್ನು ಮುಗಿಸುವೆನು.